ಪಾರದರ್ಶಕವರ್ಮನ ಸಾರಿನಪುಡಿ

ಬಹಳ ಹಿಂದೆ, ಅಂದರೆ ನೆಟ್‌ವರ್ಕ್ ಇನ್ನೂ ಸರಿಯಾಗಿ ಸಿಗುತ್ತಿದ್ದ ಕಾಲದಲ್ಲಿ, ಪೈಕಿಪುರವೆಂಬ ರಾಜ್ಯವೊಂದು ಇತ್ತು. ಅಲ್ಲಿನ ಪ್ರಜೆಗಳು ಯಾರ ಕೈಯಿಂದಲಾದರೂ ಒಂದು ಲೋಟ ನೀರು ತೆಗೆದುಕೊಳ್ಳುವ ಮುನ್ನ "ತಾವು ಯಾರ ಪೈಕಿ?" ಎಂದು ವಿನಯದಿಂದ ವಿಚಾರಿಸುತ್ತಿದ್ದರು. ಬಾಯಾರಿಕೆ ಇದೆಯೋ ಇಲ್ಲವೋ ಎಂಬುದು ಉತ್ತರ ಬಂದ ಮೇಲೆ ತೀರ್ಮಾನವಾಗುತ್ತಿತ್ತು.

ಹೀಗಿರಲು 'ಅಂಗೈಸಂತೆ' ಎಂಬ ಆ್ಯಪ್ ಅವತರಿಸಿತು. ಅದರಲ್ಲಿ ಮಾರುವವರೂ ಕೊಳ್ಳುವವರೂ ತಮಗೆ ತೋಚಿದ ಹೆಸರಿಟ್ಟುಕೊಳ್ಳಬಹುದಿತ್ತು. ಪೈಕಿ ಕೇಳುವ ಕಾಲಮ್ಮೇ ಇರಲಿಲ್ಲ. ಸುಡುಗಾಡು ಕಾಯುವವನ ಹೆಂಡತಿ ಮಸಣಮ್ಮ 'ಬೆಳ್ಳಿಮೂಗುತಿ' ಎಂಬ ಹೆಸರಿನಿಂದ ಅಲ್ಲಿ ಸಾರಿನಪುಡಿ ಮಾರತೊಡಗಿದಳು. ಮಹಾಮಂತ್ರಿ ಹೌದಪ್ಪಯ್ಯನವರ ಧರ್ಮಪತ್ನಿ ವನಜಾಕ್ಷಮ್ಮನವರಂತೂ ಆ ಪುಡಿಯಿಲ್ಲದೆ ಒಲೆ ಹಚ್ಚುತ್ತಿರಲಿಲ್ಲ. ಮಸಣಮ್ಮನ ಮಗಳ ನರ್ಸಿಂಗ್ ಓದು ಆ ಪುಡಿಯ ಘಾಟಿನ ಮೇಲೆಯೇ ನಡೆಯುತ್ತಿತ್ತು.

ಮಹಾರಾಜ ಪಾರದರ್ಶಕವರ್ಮನಿಗೂ ಅಡುಗೆಯ ಹುಚ್ಚು. ಆಸ್ಥಾನದ ಹೊಗಳಿಕೆ ಕೇಳಿ ಬೇಸತ್ತು, ನಿಜ ತಿಳಿಯಬೇಕೆಂಬ ದುರ್ಬುದ್ಧಿ ಹುಟ್ಟಿ, ತಾನೇ ಹುರಿದ ಸಾರಿನಪುಡಿಯನ್ನು 'ಬಡಬಾಣಸಿಗ' ಎಂಬ ಹೆಸರಿನಲ್ಲಿ ಸಂತೆಗೆ ಬಿಟ್ಟನು. ಸಂಜೆಯೊಳಗೆ ನಿಜ ತಿಳಿಯಿತು. 'ಸತ್ಯವಾದಿ' ಎಂಬಾತ ಒಂದೇ ನಕ್ಷತ್ರ ಕೊಟ್ಟು ಬರೆದಿದ್ದ: "ಹುರಿದಿದ್ದೋ, ಸುಟ್ಟಿದ್ದೋ? ಉಳಿದ ಸಾರು ಹಾಕಿದ ಮೇಲೆ ನಮ್ಮನೆ ನಾಯಿ ನನ್ನ ಮುಖ ನೋಡುತ್ತಿಲ್ಲ. ಬೆಳ್ಳಿಮೂಗುತಿಯ ಹತ್ತಿರ ಹೋಗಿ ಕಲಿತು ಬಾರಯ್ಯ."

ತುರ್ತು ಸಭೆ ಸೇರಿತು. "ಯಾರ್ರೀ ಇವನು?" ಎಂದು ಮಹಾರಾಜ ಗುಡುಗಿದನು.

ಹೌದಪ್ಪಯ್ಯನವರು ಮೇಜಿನ ಕೆಳಗೆ ತಮ್ಮ ಫೋನಿನಿಂದ ಸತ್ಯವಾದಿಯ ಖಾತೆಯನ್ನು ಅಳಿಸುತ್ತ, "ಯಾರೋ ನೀಚ, ಪ್ರಭೂ! ಹೆಸರಿಲ್ಲದ ನಾಲಿಗೆಗೆ ರುಚಿ ಹೇಗೆ ಗೊತ್ತಾಗಬೇಕು? ಎಲ್ಲರ ಮುಸುಕು ತೆಗೆಸಿಬಿಡಿ, ರುಚಿ ತಾನಾಗೇ ಬರುತ್ತೆ" ಎಂದರು.

"ಬರೀ ಹೆಸರು ಸಾಕೇ?"

"ಪೈಕಿಯೂ ಇರಲಿ, ಪ್ರಭೂ. ಡೇಟಾ ಅಂದಮೇಲೆ ಪೂರ್ತಿ ಇರಬೇಕು."

ನಿಜನಾಮ ಶಾಸನ ಹೊರಬಿತ್ತು. ಬಡಬಾಣಸಿಗನ ಜಾಗದಲ್ಲಿ ಮಹಾರಾಜನ ಬಿರುದಾವಳಿ ಕಂಡ ಕೂಡಲೇ ಐದೈದು ನಕ್ಷತ್ರಗಳು ಸುರಿದವು. ಪುಡಿ ಕೊಳ್ಳದವರೂ ಕೊಟ್ಟರು. ಬೆಳ್ಳಿಮೂಗುತಿಯ ಜಾಗದಲ್ಲಿ 'ಮಸಣಮ್ಮ, ಸುಡುಗಾಡಿನವರ ಪೈಕಿ' ಎಂದು ಮೂಡಿತು. ಪೊಟ್ಟಣಗಳು ಮೆರವಣಿಗೆಯಲ್ಲಿ ವಾಪಸು ಬಂದವು. ಹಿಂದೆಯೇ ವನಜಾಕ್ಷಮ್ಮನವರ ಫೋನೂ ಬಂತು.

"ಏನಮ್ಮಾ, ಹೀಗಾ ಮಾಡೋದು? ಮನೆಯೆಲ್ಲಾ ತೊಳೆಸಿದ್ದಾಯ್ತು!"

"ಪುಡಿ ಕೆಟ್ಟೋಗಿತ್ತಾ ಅಮ್ಮಾವ್ರೇ?"

"ಛೆ ಛೆ, ಪುಡಿ ಚಿನ್ನ. ಹೆಸರು ಓದಿದ್ಮೇಲೆ ಗಂಟಲಲ್ಲಿ ಇಳೀತಿಲ್ಲ."

"ಇಷ್ಟು ದಿನ ಇಳೀತಿತ್ತಲ್ಲಾ?"

"ಆಗ ಗೊತ್ತಿರ್ಲಿಲ್ವಲ್ಲೇ! ಗೊತ್ತಿಲ್ದೆ ತಿಂದಿದ್ದು ಲೆಕ್ಕಕ್ಕಿಲ್ಲ ಅಂತ ನಮ್ಮ ಪುರೋಹಿತರು ಹೇಳಿದಾರೆ. ಪಾಪ, ಅವರೂ ತಿಂದಿದ್ರು."

ಮಗಳ ಕಾಲೇಜಿನವರು ಫೀಸು ಕಟ್ಟಿ, ಇಲ್ಲವೇ ಕರೆದುಕೊಂಡು ಹೋಗಿ ಎಂದರು.

ಇತ್ತ ಅರಮನೆಯಲ್ಲಿ ನಕ್ಷತ್ರಗಳಿಗೆ ಬರವಿರಲಿಲ್ಲ, ಸಾರು ಮಾತ್ರ ಬಾಯಿಗಿಡುವಂತಿರಲಿಲ್ಲ. ಬೆಳ್ಳಿಮೂಗುತಿಯ ಪುಡಿಯನ್ನು ಗುಟ್ಟಾಗಿ ತರಿಸುತ್ತಿದ್ದ ರಾಣಿಯವರು ಊಟ ಬಿಟ್ಟರು. ಮಹಾರಾಜ ಮಂತ್ರಿಯ ಕಿವಿಯಲ್ಲಿ ಏನೋ ಉಸುರಿದನು. ಹೌದಪ್ಪಯ್ಯನವರು ಮೂಗಿಗೆ ಕರ್ಚೀಫು ಹಿಡಿದು ಸುಡುಗಾಡಿನ ಬಾಗಿಲಿಗೆ ಬಂದರು.

"ಇನ್ಮೇಲೆ ಅರಮನೆಗೆ ಕುಟ್ಟಿಕೊಡು. ಸಂಬಳ ಇದೆ. ನಿನ್ನ ಮೊದಲಿನ ಸಂಪಾದನೆಯ ಅರ್ಧ ಅಂತಿಟ್ಕೋ."

"ಪೊಟ್ಟಣದ ಮೇಲೆ ಹೆಸರು ಯಾರ್ದು ಬುದ್ಧೀ?"

"ಮಹಾರಾಜರದ್ದು. ಇನ್ಯಾರದ್ದು?"

"ನಿಜವಾದ ಹೆಸರೇ ಇರ್ಬೇಕು ಅಂತ ಕಾನೂನಲ್ವಾ?"

"ತಿದ್ದುಪಡಿ ಆಗಿದೆ. ಅರಮನೆಗೆ ಕುಟ್ಟೋರ ಹೆಸರು ರಾಜ್ಯದ ಭದ್ರತೆಯ ವಿಷಯ. ಬಾಯಿಬಿಟ್ರೆ ಜೈಲು."

ಮಸಣಮ್ಮ, "ಫೀಸು ಈ ವಾರವೇ ಕಟ್ಬೇಕು ಬುದ್ಧೀ" ಎಂದಳು. ಒನಕೆ ಎತ್ತಿಕೊಂಡಳು.

ಪಾರದರ್ಶಕವರ್ಮನಿಗೆ 'ಸಾರಸಾರ್ವಭೌಮ' ಎಂಬ ಬಿರುದು ಸಂದಿತು. ಪುಡಿಯ ಬೆಲೆ ಎರಡು ಪಟ್ಟಾಯಿತು. ಅದರ ಮೇಲೆ ಪಾರದರ್ಶಕತಾ ಸೆಸ್ಸೂ ಬಿತ್ತು. ಪ್ರಜೆಗಳು ಹೆಸರನ್ನು ಓದಿ, ಕಣ್ಣಿಗೊತ್ತಿಕೊಂಡು ಕೊಂಡರು. ವನಜಾಕ್ಷಮ್ಮನವರು ಐದು ನಕ್ಷತ್ರ ಕೊಟ್ಟು, "ಹೆಸರು ನೋಡಿ ತಗೋಬೇಕು ಅನ್ನೋದು ಇದಕ್ಕೇ. ಒಳ್ಳೆ ಪೈಕಿಯವರ ಕೈಗುಣವೇ ಬೇರೆ!" ಎಂದು ಬರೆದರು. ಆಮೇಲೆ ಇನ್ನೊಂದು ಸೌಟು ಸಾರು ಬಡಿಸಿಕೊಂಡರು.