ಫರಸಿ ನೆಲದ ಲಾಯ

ಅಣ್ಣಿಗೇರಿಯ ಅರ್ಧ ಊರಿನ ಗಂಡಸರನ್ನು ಮದುವೆಯ ದಿನ ಕುದುರೆ ಹತ್ತಿಸಿದವನು ನಮ್ಮ ಕಾಕಾ. ತಾನು ಮಾತ್ರ ಜನ್ಮದಲ್ಲಿ ಒಮ್ಮೆಯೂ ಕುದುರೆ ಹತ್ತಿದವನಲ್ಲ! ಯಾಕೆಂದು ಕೇಳಿ ನೋಡಿ. "ಅದು ಎಂದಾರ ನನ್ನ ಮ್ಯಾಲ ಹತ್ತೇತೇನು? ಮತ್ತ ನಾ ಯಾಕ ಅದರ ಮ್ಯಾಲ ಹತ್ಲಿ?" ಅನ್ನುತ್ತಾನೆ. ಇದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು?

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುವುದು ಅವನ ಉದ್ಯೋಗ. ಇದ್ದವು ಮೂರು ಕುದುರೆ. ಎರಡು ಹರೆಯದವು, ಒಂದು ಬಿಳಿಯ ಮುದುಕಿ. ಆ ಮುದುಕಿಯನ್ನು ಅವನು ಕರೆಯುತ್ತಿದ್ದುದು "ಅಕ್ಕೋರ" ಎಂದು. "ಅಕ್ಕೋರ, ಸ್ವಲ್ಪ ಸರೀರಿ, ಕಸಾ ಹೊಡೀತೀನಿ." ಮರುಕ್ಷಣವೇ ನನ್ನ ಕಡೆ ತಿರುಗಿ, "ಏನ್ ನೋಡಕೋತ ನಿಂತೀಬೇ, ಬುಟ್ಟಿ ತಾ!" ಅನ್ನುತ್ತಿದ್ದ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಊರಿನ ಮಕ್ಕಳೆಲ್ಲ ನನಗೆ ಅಕ್ಕೋರು ಅನ್ನುತ್ತಾರೆ. ಕಾಕಾನ ಮಟ್ಟಿಗೆ ಆ ಪದವಿ ಕುದುರೆಯದು!

ಮುದುಕಿಯ ಬೆನ್ನ ಮೇಲೆ ಕೂರುವ ಮದುಮಗನನ್ನು ಅವನು ಮೊದಲು ಕಣ್ಣಿನಲ್ಲೇ ತೂಗುತ್ತಿದ್ದ. ಒಮ್ಮೆ ಮೊರಬದ ಬೀಗರು ಭರ್ಜರಿ ಮದುಮಗನನ್ನು ತಂದು ನಿಲ್ಲಿಸಿದರು. ಕಾಕಾ ಎರಡೂ ಕೈ ಮುಗಿದು, "ಅಳ್ಯಾರ, ಈಗ ನಡಕೋತ ಬರ್ರಿ. ಫೋಟೋದವ್ರು ಬಂದಾಗ ಹತ್ತೀರಂತ" ಅಂದ. ಪಾಪ, ಮದುಮಗ ಬೆವರು ಒರೆಸಿಕೊಳ್ಳುತ್ತ ನಡೆದ. ಪಕ್ಕದಲ್ಲಿ ಅಕ್ಕೋರು ಜರಿಯ ಜೂಲು ಹೊದ್ದು, ಖಾಲಿ ಬೆನ್ನಿನಲ್ಲಿ, ಗತ್ತಿನಿಂದ ಹೆಜ್ಜೆ ಹಾಕಿದರು. ಮದುವೆ ಯಾರದು ಎಂಬುದೇ ನೋಡಿದವರಿಗೆ ಬಗೆಹರಿಯಲಿಲ್ಲ!

ಹೀಗಿರುವಾಗ ಲಾಯದ ಜಾಗದ ಮಾಲೀಕರಿಗೆ ಅಲ್ಲೊಂದು ಮಂಗಲ ಕಾರ್ಯಾಲಯ ಕಟ್ಟುವ ಮನಸ್ಸಾಯಿತು. ಮದುವೆ ನಡೆಸಲು ಮದುವೆಯ ಕುದುರೆಗಳನ್ನೇ ಎಬ್ಬಿಸುವುದೆಂದರೆ ಹೇಗಿದೆ ನೋಡಿ! ನಾನು ಸೆರಗು ಸಿಕ್ಕಿಸಿ ನಿಂತೆ. ಊರ ಹೊರಗೆ ನಮ್ಮ ಹೊಲದ ಬದುವಿನಲ್ಲಿ ಹೊಸ ಲಾಯ ಕಟ್ಟಿಸಿದೆ. ಎರಿ ಮಣ್ಣಿನ ಕಥೆ ಗೊತ್ತಲ್ಲ, ಮಳೆ ಬಿದ್ದರೆ ಕಾಲು ಕೀಳಲು ಬಿಡುವುದಿಲ್ಲ. ಅದಕ್ಕೇ ನೆಲಕ್ಕೆ ಫರಸಿ ಕಲ್ಲು ಹಾಸಿಸಿದೆ. ನುಣ್ಣಗೆ, ಹೊಳೆಯುವಂಥದ್ದು. ನಮ್ಮ ಅಡುಗೆಮನೆಗೂ ಅಂಥ ಭಾಗ್ಯವಿಲ್ಲ.

ಕಾಕಾ ಬಂದು ಅಂಗಾಲಿನಿಂದ ನೆಲ ಉಜ್ಜಿ ನೋಡಿದ. "ಅಗದಿ ಛಲೋ ಐತಿ. ನಾವು ಇಲ್ಲೇ ಊಟಕ್ಕ ಕುಂದರಬಹುದು. ಆದ್ರ ಕುದರಿ ಹೆಂಗ ನಿಂದರಬೇಕು? ಕಾಲಾಗ ಲಾಳ ಅದಾವ. ಈ ವಯಸ್ಸಿನ್ಯಾಗ ಅಕ್ಕೋರು ಬಿದ್ರಂದ್ರ ಮತ್ತ ಏಳೂದಿಲ್ಲ."

ಅವನಿಗಿದ್ದ ಚಿಂತೆ ಅದೊಂದೇ. ಅದಕ್ಕೆ ಉಪಾಯವನ್ನೂ ಮಾಡಿದ್ದ. ವರ್ಷಗಟ್ಟಲೆ ಲದ್ದಿ ಬಿದ್ದು ಮೆತ್ತಗಾಗಿದ್ದ ಹಳೆಯ ಲಾಯದ ಮಣ್ಣನ್ನು ಅಗೆದು ಚೀಲಗಟ್ಟಲೆ ತಂದು ಬಾಗಿಲಲ್ಲಿ ಇಳಿಸಿದ. ಅದನ್ನು ದಪ್ಪಗೆ ಹಾಸಿದರೆ ಕಾಲು ಜಾರುವುದಿಲ್ಲ, ತಮ್ಮದೇ ವಾಸನೆ ಸಿಕ್ಕರೆ ಕುದುರೆ ಬೆದರುವುದೂ ಇಲ್ಲ ಎಂಬುದು ಅವನ ವಾದ.

"ಹೊಸ ಫರಸಿ ಮ್ಯಾಲ ಲದ್ದಿ ಮಣ್ಣಾ ಕಾಕಾ?" ಎಂದು ನಾನು ರೇಗಿದೆ. "ನಾಳೆ ನಮ್ಮ ಸಾಲಿಯವ್ರೆಲ್ಲ ನೋಡಾಕ ಬರ್ತಾರ. ಅವ್ರು ಹೋದ ಮ್ಯಾಲ ಹಾಸೂಣು."

ಪಂಚರ ಮಾತು, ಡಾಕ್ಟರ ಮಾತು, ಯಾರ ಮಾತನ್ನೂ ಕೇಳದ ಮನುಷ್ಯ ಅಂದು ನನ್ನ ಮಾತು ಕೇಳಿಬಿಟ್ಟ! ಯಾಕೆ ಕೇಳಿದನೋ! ನಾಲ್ಕು ಬೈದು, ನನ್ನನ್ನು ಬದಿಗೆ ತಳ್ಳಿ ಹಾಸಬಾರದಿತ್ತೇ?

ಮರುದಿನ ಬೆಳಿಗ್ಗೆ ಮೂರೂ ಕುದುರೆಗಳನ್ನು ನಡೆಸಿಕೊಂಡು ಹೊರಟೆವು. ದಾರಿಯಲ್ಲಿ ಯಾರದೋ ಮನೆಯ ಮುಂದೆ ಮದುವೆಯ ಹಂದರ ಹಾಕಿದ್ದರು. ಹಂದರ ಕಂಡದ್ದೇ ತಡ, ಅಕ್ಕೋರು ಗಕ್ಕನೆ ನಿಂತರು. ಎಳೆದರೂ ಇಲ್ಲ, ರಮಿಸಿದರೂ ಇಲ್ಲ.

"ಫೋಟೋ ತಗೀಬೇ" ಅಂದ ಕಾಕಾ. "ತಗೀಲಿಲ್ಲಂದ್ರ ಅವ್ರು ಹೆಜ್ಜಿ ಕೀಳೂದಿಲ್ಲ."

ನಡುರಸ್ತೆಯಲ್ಲಿ ಕುದುರೆಗೆ ಫೋನು ಹಿಡಿದು ನಿಂತೆ. ಅಕ್ಕೋರು ಕುತ್ತಿಗೆ ಕೊಂಕಿಸಿದರು, ಫೋಟೋ ಆಯಿತು, ಮುಂದೆ ನಡೆದರು! ಜನ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆ ಫೋಟೋ ಈಗಲೂ ಫೋನಿನಲ್ಲಿದೆ. ತೆಗೆದು ನೋಡುವ ಧೈರ್ಯ ನನಗಿಲ್ಲ.

ಹೊಸ ಲಾಯದ ಮುಂದೆ ನಮ್ಮ ಶಾಲೆಯವರು ಸಾಲಾಗಿ ನಿಂತಿದ್ದರು. ಹರೆಯದ ಎರಡೂ ಕುದುರೆಗಳು ತುಸು ಜಾರಿದರೂ ಸಾವರಿಸಿಕೊಂಡು ಒಳಗೆ ಹೋದವು. ಕಾಕಾ ಅಕ್ಕೋರ ಕೊರಳಿಗೆ ಕೈ ಕೊಟ್ಟು, "ಸಾವಕಾಶರಿ ಅಕ್ಕೋರ, ಸಾವಕಾಶ" ಎನ್ನುತ್ತ ಒಳಗೆ ಕರೆದ. ಮೂರು ಹೆಜ್ಜೆ ಸರಿಯಾಗಿಯೇ ಬಿದ್ದವು. ನಾಲ್ಕನೆಯದಕ್ಕೆ ಹಿಂಗಾಲು ಎರಡೂ ಎರಡು ಕಡೆ ಜಾರಿದವು. ತಡೆಯಲು ಹೋಗಿ ಕಾಕಾನೂ ಬಿದ್ದ. ಬಿದ್ದಲ್ಲಿಂದಲೇ ತೆವಳಿಕೊಂಡು ಹೋಗಿ, ತಲೆಯ ರುಮಾಲು ಬಿಚ್ಚಿ ಅಕ್ಕೋರ ತಲೆಯ ಕೆಳಗೆ ಇಟ್ಟ.

ದನದ ಡಾಕ್ಟರು ಬಂದು ಸೊಂಟ ಮುರಿದಿದೆ ಅಂದರು. ಹಗ್ಗ ಹಾಕಿ ಆರು ಜನ ಎತ್ತಿದರೂ ನಿಲ್ಲಲಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅಕ್ಕೋರು ಕಣ್ಣು ಮುಚ್ಚಿದರು.

ಮಾತಾಡಿಸಲು ಬಂದವರೆಲ್ಲ ಏನಾಯಿತು ಎಂದು ಕೇಳಿದರು. ಕಾಕಾ ಎಲ್ಲರಿಗೂ ಒಂದೇ ಮಾತು ಹೇಳಿದ. "ವಯಸ್ಸಾಗಿತ್ರಿ." ಫರಸಿಯ ಹೆಸರು ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ನನಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಜನ ಹೋದ ಮೇಲೆ ಅವನೆದುರು ಕುಳಿತು ಅತ್ತುಬಿಟ್ಟೆ.

"ನನ್ನ ಡೌಲಿಗೆ ಹಿಂಗಾತು ಕಾಕಾ. ಒಮ್ಮ್ಯಾದ್ರೂ ಬೈಯಿ."

ಅವನು ಉಳಿದ ಕುದುರೆಗಳಿಗೆ ಹುಲ್ಲು ಬಿಡಿಸಿ ಹಾಕುತ್ತಿದ್ದ. ನನ್ನ ಕಡೆ ನೋಡಲಿಲ್ಲ.

"ಬೈದ್ರ ನೀ ಇಲ್ಲಿಗೆ ಬರೂದು ಬಿಡ್ತೀಬೇ" ಅಂದ. "ಒಬ್ರು ಹೋಗ್ಯಾರ, ಸಾಕು."