ಹೆಚ್ಚೋ ಜಾಗ

ಫೋನು ಬಂದಾಗ ಗಾಬರಿಯಕ್ಕ ಅರ್ಧ ಹುರುಳಿಕಾಯಿ ಹೆಚ್ಚಿ ಮುಗಿಸಿದ್ದಳು.

ಹೆತ್ತವರು ಅವಳಿಗೆ ಇಟ್ಟ ಹೆಸರು ಬೇರೆ. ಆದರೆ ಬಾಗಿಲು ಬಡಿದರೆ ಕಳ್ಳ ಬಂದ ಎಂದೂ, ಬಡಿಯದಿದ್ದರೆ ಕಳ್ಳ ಆಗಲೇ ಒಳಗಿದ್ದಾನೆ ಎಂದೂ ನಡುಗುವವಳಿಗೆ ಓಣಿಯವರು ಈ ಹೆಸರನ್ನು ಖಾಯಂ ಮಾಡಿದ್ದರು. ಗಂಡ ಬಸ್ ಡ್ರೈವರು, ಮೊದಲ ಬಸ್ಸಿಗೇ ಹೊರಟುಹೋಗಿದ್ದ. ಆರು ವರ್ಷದ ಮಗಳು ಗುಬ್ಬಿಗೆ ಶಾಲೆ ರಜೆ. ಅವಳು ಅಡುಗೆಕಟ್ಟೆಯ ಕೆಳಗೆ, ಸಿಲಿಂಡರಿಗೆ ಒರಗಿಕೊಂಡು ಚಿತ್ರ ಬರೆಯುತ್ತಿದ್ದಳು. ಅದೇ ಅವಳ ಓದುವ ಕೋಣೆ. ಆ ಮನೆಯಲ್ಲಿ ಒಬ್ಬರು ಕೈ ಚಾಚಿದರೆ ಇನ್ನೊಬ್ಬರು ಕೈ ಮಡಚಬೇಕು. ಅಡುಗೆಮನೆಯ ಗೋಡೆಯಾಚೆ ಮಾಲೀಕರ ಒಂದು ಕೋಣೆಯೇನೋ ಇತ್ತು. ಅದಕ್ಕೆ ಬೀಗ, ಬೀಗಕ್ಕೆ ತುಕ್ಕು. "ಆ ಕೋಣೇನೂ ನಮಗೇ ಕೊಡಿ ಮೇಡಂ, ಮಗು ಕೂರೋಕೆ ಜಾಗ ಇಲ್ಲ" ಎಂದು ಎರಡು ವರ್ಷದ ಹಿಂದೆ ಗಾಬರಿಯಕ್ಕ ಕೇಳಿದ್ದಳು. "ನೋಡೋಣ" ಎಂಬ ಉತ್ತರ ಬಂದಿತ್ತು. ಜನ್ಮಕ್ಕಾಗುವಷ್ಟು ಧೈರ್ಯ ಅವತ್ತೇ ಖರ್ಚಾಗಿಹೋಗಿದ್ದರಿಂದ ಅವಳು ಮತ್ತೆ ಕೇಳಿರಲಿಲ್ಲ.

"ಗುಬ್ಬೀ, ಫೋನ್ ತಗೋಳೇ, ನನ್ನ ಕೈ ಒದ್ದೆ."

ಗುಬ್ಬಿ ಹೋಗಿ, "ಹೂಂ... ಹೂಂ... ಹೇಳ್ತೀನಿ" ಎಂದು ವಾಪಸು ಬಂದಳು. ಅವಳ ಮುಂದಿನ ಎರಡು ಹಲ್ಲು ಬಿದ್ದು ವಾರವಾಗಿತ್ತು. ಮಾತಿಗಿಂತ ಮೊದಲು ಗಾಳಿ ಹೊರಗೆ ಬರುತ್ತಿತ್ತು.

"ಮನೆ ಮೇಡಂ ಅಮ್ಮ. ಹನ್ನೊಂದು ಗಂಟೆಗೆ ಬರ್ತಾರಂತೆ. ಅಡುಗೆಮನೇಲಿ ಹೆತ್ತು ಜಾಗ ನೋಡ್ಬೇಕಂತೆ."

"ಹೆತ್ತ ಜಾಗನಾ? ನಿನ್ನ ಹೆತ್ತಿದ್ದು ಆಸ್ಪತ್ರೇಲಲ್ವೇನೇ?"

"ಹೆತ್ತ ಅಲ್ಲಮ್ಮ, ಹೆ... ತ್ತು..."

ಗಾಬರಿಯಕ್ಕನ ಕಣ್ಣು ಕೈಯಲ್ಲಿದ್ದ ಚಾಕುವಿನ ಮೇಲೆ ಬಿತ್ತು. ಅಲ್ಲಿಂದ ಹುರುಳಿಕಾಯಿಗೆ, ಅಲ್ಲಿಂದ ಕಟ್ಟೆಯ ಮೂಲೆಗೆ ಹೋಯಿತು.

"ಹೆಚ್ಚೋ ಜಾಗ!"

"ಅಮ್ಮ, ಒಂದು ಕೇಳ್ಲಾ?"

"ಆಮೇಲೆ ಕಂದ, ಆಮೇಲೆ."

ಮನೆ ಮೇಡಂ ಎಂದರೆ ಮನೆಯ ಮಾಲೀಕರು, ನಿವೃತ್ತ ಹೆಡ್‌ಮಿಸ್ಟ್ರೆಸ್. ಶಾಲೆ ಬಿಟ್ಟರೂ ಅವರ ಕೈಚೀಲ ಅಡಿಪಟ್ಟಿಯನ್ನು ಬಿಟ್ಟಿರಲಿಲ್ಲ. ಮಹಡಿ ಮನೆಯವರು ಗೋಡೆಗೆ ಆರು ಮೊಳೆ ಹೊಡೆದದ್ದು ಕಂಡು ತಿಂಗಳೊಳಗೆ ಅವರನ್ನೇ ಕಿತ್ತಿದ್ದರು. ಇಲ್ಲೋ, ಕಟ್ಟೆಕಲ್ಲಿನ ಒಂದು ಮೂಲೆಯೇ ಹಾರಿಹೋಗಿತ್ತು. ಹೋದ ವರ್ಷ ಡಬ್ಬಿಗಳ ಸಾಲಿನಲ್ಲಿ ಕೈ ಆಡಲು ಜಾಗವಿಲ್ಲದೆ ಕುಟ್ಟಾಣಿ ಜಾರಿ ಬಿದ್ದು ಆದ ಗಾಯ. ಅವತ್ತಿನಿಂದ ಆ ಮೂಲೆಯ ಮೇಲೆ ಬ್ರೆಡ್ಡಿನ ಡಬ್ಬಿ ಕಾವಲು ಕೂತಿತ್ತು. ಈಗ ಅದನ್ನು ಎತ್ತಿಸಿ ನೋಡಿದರೆ? ಮನೆ ಬಿಡಿ ಅಂದರೆ? ಗುಬ್ಬಿಯ ಶಾಲೆ ಓಣಿಯ ತುದಿಯಲ್ಲೇ ಇತ್ತು. ಇಷ್ಟು ಹತ್ತಿರ ಇನ್ನೊಂದು ಮನೆ ಎಲ್ಲಿ ಹುಡುಕುವುದು?

ಅಷ್ಟರಲ್ಲಿ ಎದುರುಮನೆಯ ನರ್ಸಮ್ಮ ಜರಡಿ ಕೇಳಲು ಬಂದಳು. ವಿಷಯ ಕೇಳಿ ಜರಡಿ ಮರೆತಳು.

"ಎಲ್ಲಿ ಹೆಚ್ತಿದ್ದೀಯ ಈಗ? ಸಿಂಕಿನ ಪಕ್ಕದಲ್ಲಾ? ಅಯ್ಯೋ ಪುಣ್ಯಾತ್ಗಿತ್ತಿ! ಪಾತ್ರೆ ತೊಳೆದ ನೀರು ಹಾರಿ ಹಾರಿ ತರಕಾರಿ ಮೇಲೆ ಬೀಳಲ್ವಾ? ಮೇಡಂ ನೋಡಿದ್ರೆ ಕಥೆ ಮುಗೀತು. ಎತ್ತು ಎತ್ತು."

ಗಾಬರಿಯಕ್ಕ ಹೆಚ್ಚುವ ಮಣೆ ಎತ್ತಿ ಒಲೆಯ ಪಕ್ಕಕ್ಕಿಟ್ಟಳು.

"ಅಲ್ಲಿ ಬೆಂಕಿ ಕಣೇ! ಸೆರಗಿಗೆ ತಗುಲಿದ್ರೆ? ನಾನು ವಾರ್ಡಿನಲ್ಲಿ ಎಂತೆಂಥವರನ್ನ ನೋಡಿದ್ದೀನಿ ಗೊತ್ತಾ?" ಎಂದು ನರ್ಸಮ್ಮ ಇಬ್ಬರ ಕಥೆ ಹೇಳಿದಳು. ಎರಡನೆಯದು ಮುಗಿಯುವ ಹೊತ್ತಿಗೆ ಗಾಬರಿಯಕ್ಕನಿಗೆ ಸೆರಗು ಬಿಸಿಯಾದಂತೆ ಅನಿಸತೊಡಗಿತು. ಮಣೆ ಕಿಟಕಿಗೆ ಹೋಯಿತು.

"ಕಿಟಕೀಲಿ ಧೂಳು. ಮೇಲ್ಗಡೆ ಹಲ್ಲಿ."

"ನೆಲದ ಮೇಲೆ ಕೂತ್ಕೊಂಡು ಹೆಚ್ಲಾ?"

"ನಡೆದಾಡೋ ಜಾಗ ಅಲ್ವೇನೇ? ಚಾಕು ಮೇಲೆ ಮಗು ಕಾಲಿಟ್ರೆ?"

ವರ್ಗಾವಣೆಯಾದ ಗುಮಾಸ್ತನ ಹಾಗೆ ಹುರುಳಿಕಾಯಿ ಬೆಳಗಿನಿಂದ ನಾಲ್ಕು ಊರು ಸುತ್ತಿತು. ಎಲ್ಲೂ ನೆಲೆ ಸಿಗಲಿಲ್ಲ.

"ಅಮ್ಮ, ಮೇಡಂ ಹೇಳಿದ್ದು..." ಗುಬ್ಬಿ ಸೆರಗು ಜಗ್ಗಿದಳು.

"ಗೊತ್ತು ಕಂದ, ಅದಕ್ಕೇ ತಾನೆ ಒದ್ದಾಡ್ತಿರೋದು."

ಗಂಟೆ ಹತ್ತಾಯಿತು. ಒಡೆದ ಮೂಲೆಗೆ ಏನಾದರೂ ಮಾಡಲಿ ಎಂದು ನರ್ಸಮ್ಮ ಹಿತ್ತಲಿನ ಬಡಗಿಯನ್ನು ಕರೆತಂದಳು. ಅವನು ಹಿತ್ತಲ ಬಯಲಲ್ಲೇ ಮರ ಕೊಯ್ಯುವವನು, ಒಳ್ಳೆಯವನು. ಸಲಹೆ ಕೇಳಿದರೆ ಗರಗಸವನ್ನೂ ಬಿಟ್ಟು ಬರುವಷ್ಟು ಒಳ್ಳೆಯವನು. ಮೇಣದಬತ್ತಿ ಕರಗಿಸಿ, ಕಲ್ಲಿನ ಬಣ್ಣದ ಪುಡಿ ಕಲಸಿ, ಮೂಲೆಗೆ ಮೆತ್ತಿ, ಹೆಬ್ಬೆರಳಿನಿಂದ ಸವರಿದ. ಎರಡು ಹೆಜ್ಜೆ ಹಿಂದೆ ಸರಿದು ತಲೆಯಾಡಿಸಿದ.

"ಮೂಲೆಯೇನೋ ಸರಿಹೋಯ್ತು ಅಕ್ಕ. ಆದ್ರೆ ಕಟ್ಟೆ ಮೇಲೆ ಇಷ್ಟೊಂದು ಹೇರಿದ್ರೆ ಮೇಡಂ ಏನಂತಾರೆ? ಕಲ್ಲು ಬಿರುಕು ಬಿಡೋದೇ ಭಾರದಿಂದ. ಒಂದು ಡಬ್ಬೀನೂ ಇರಬಾರ್ದು. ಕಟ್ಟೆ ಕನ್ನಡಿ ಹಾಗಿರ್ಬೇಕು."

"ಮತ್ತೆ ಎಲ್ಲಿ ಹೆಚ್ಚಲಪ್ಪ ನಾನು?"

"ಹೆಚ್ಚೋದೇ ಇಲ್ಲ ಅನ್ನಿ. ಹೆಚ್ಚದೇ ಇರೋರಿಗೆ ಹೆಚ್ಚೋ ಜಾಗ ಯಾಕೆ?"

ನರ್ಸಮ್ಮ ಚಪ್ಪಾಳೆ ತಟ್ಟಿದಳು. ಹೆದರಿದವರ ಕಿವಿಗೆ ಯಾವ ಸಲಹೆಯೂ ವೇದವೇ. ಮೂವರೂ ಸೇರಿ ಸಾಮಾನು ಸಾಗಿಸಿದರು. ಅಕ್ಕಿ ಡಬ್ಬಿ ಮಂಚದ ಕೆಳಗೆ ಹೋಯಿತು, ಬೇಳೆ ಡಬ್ಬಿ ಬೀರುವಿನೊಳಗೆ ಗಂಡನ ಖಾಕಿ ಪ್ಯಾಂಟುಗಳ ನಡುವೆ. ಮಿಕ್ಸಿ ಬಚ್ಚಲ ಬಕೆಟ್ಟಿನಲ್ಲಿ ಕೂತಿತು. ಪಾತ್ರೆ ಬುಟ್ಟಿಯನ್ನು ನರ್ಸಮ್ಮ ತನ್ನ ಮನೆಗೇ ಹೊತ್ತೊಯ್ದಳು. ಗುಬ್ಬಿಯ ಪುಸ್ತಕ, ಬಣ್ಣದ ಪೆನ್ಸಿಲು ದಿಂಬಿನ ಚೀಲ ಸೇರಿದವು. ಕೊನೆಗೆ ಉಳಿದದ್ದು ಮಣೆ, ಚಾಕು ಮತ್ತು ಊರೂರು ಅಲೆದ ಹುರುಳಿಕಾಯಿ. ಅವನ್ನು ಹಾಸಿಗೆಯ ಮೇಲಿಟ್ಟು ಕಂಬಳಿ ಹೊದಿಸಿದರು. ಜ್ವರ ಬಂದವರು ಯಾರೋ ಮಲಗಿದ ಹಾಗೆ ಕಾಣುತ್ತಿತ್ತು.

"ಅಮ್ಮ, ಒಂದೇ ಒಂದು ಕೇಳ್ಲಾ?"

"ಮೇಡಂ ಹೋಗೋವರೆಗೂ ಬಾಯಿ ತೆಗೀಬೇಡ ನನ್ನ ಬಂಗಾರ."

ಗುಬ್ಬಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಹನ್ನೊಂದಕ್ಕೆ ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಗಿಲು ಬಡಿಯಿತು. ಗಾಬರಿಯಕ್ಕ ಸೆರಗು ಸರಿಮಾಡಿಕೊಂಡು ಬಾಗಿಲು ತೆಗೆದಳು.

ಮೇಡಂ ನೇರ ಅಡುಗೆಮನೆಗೆ ನಡೆದರು. ಕನ್ನಡಕ ಏರಿಸಿ ಬರಿದಾದ ಕಟ್ಟೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಅಡಿಪಟ್ಟಿ ಹೊರಬಂತು. ಅಳೆದರು. ಬಗ್ಗಿ ಕಟ್ಟೆಯ ಕೆಳಗೂ ನೋಡಿದರು. ಸಿಲಿಂಡರೊಂದೇ ನಿಂತಿತ್ತು.

"ಸಾಮಾನೆಲ್ಲ ಎಲ್ಲಮ್ಮ?"

"ಇಷ್ಟೇ ಮೇಡಂ ನಮ್ದು. ಒಂದು ಸಿಲಿಂಡರು, ಒಂದು ಒಲೆ."

"ಇಕ್ಕಟ್ಟಾಗಲ್ವಾ ನಿಮಗೆ?"

ಇದು ಪರೀಕ್ಷೆಯ ಪ್ರಶ್ನೆ ಎಂದು ಗಾಬರಿಯಕ್ಕನಿಗೆ ಖಚಿತವಾಯಿತು. "ಅಯ್ಯೋ ಇಲ್ಲ ಮೇಡಂ! ಬೇಕಾದಷ್ಟಿದೆ. ಗುಬ್ಬಿ ಕುಂಟೆಬಿಲ್ಲೆ ಆಡ್ತಾಳೆ ಇಲ್ಲಿ."

ಗುಬ್ಬಿ ಅಂಗೈಯ ಹಿಂದಿನಿಂದ ಕಣ್ಣರಳಿಸಿದಳು.

ಮೇಡಂ ಮೂಲೆಗೆ ಹೋದರು. ಮೇಣದ ಮೇಲೆ ಅವರ ಬೆರಳು ನಿಂತಿತು. ಒಮ್ಮೆ ಒತ್ತಿತು. ಅದೇ ಗಳಿಗೆಗೆ ಹಿತ್ತಲಲ್ಲಿ ಬಡಗಿಯ ಗರಗಸ ಶುರುವಾಯಿತು.

"ಹಾಗಾದ್ರೆ ನಿಮಗೆ ಹೆಚ್ಚ್..." ಎಂದರು ಮೇಡಂ. ಕರ್ರ್ ಕರ್ರ್ ಎಂದಿತು ಗರಗಸ. "...ಜಾಗ ಬೇಡ ಅಂತಾನಾ?"

"ಬೇಡವೇ ಬೇಡ ಮೇಡಂ! ದೇವರಾಣೆಗೂ ಬೇಡ! ಹೆಚ್ಚೋದನ್ನೇ ಬಿಟ್ಟುಬಿಟ್ಟಿದ್ದೀವಿ!"

ಮೇಡಂ ಕನ್ನಡಕ ಇಳಿಸಿದರು. ಅಡಿಪಟ್ಟಿ ಚೀಲ ಸೇರಿತು. "ಆಯ್ತಮ್ಮ. ತೃಪ್ತಿ ಇದ್ರೆ ಸರಿ" ಎಂದು ಹಿತ್ತಲ ಬಾಗಿಲು ತೆರೆದು ಹೊರಗಿಳಿದರು.

ಗಾಬರಿಯಕ್ಕ ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟಳು. ಮನೆ ಉಳಿಯಿತು! ಗೋಡೆಗೆ ಒರಗಿ ಅವಳು ನಗುವಷ್ಟರಲ್ಲಿ, ಮೇಡಂ ಚೀಲದಿಂದ ಒಂದು ಕೀಲಿಕೈ ತೆಗೆದು ಬಡಗಿಯನ್ನು ಕೂಗುವುದು ಕಾಣಿಸಿತು.

"ಅದು... ಏನ್ ಮೇಡಂ ಅದು?" ಹೊಸ್ತಿಲಲ್ಲಿ ನಿಂತು ಕೇಳಿದಳು.

"ಈ ಕೋಣೆದಮ್ಮ. ಆರು ತಿಂಗಳಿಂದ ಬಡಗಿ ಮರ ಇಡೋಕೆ ಕೇಳ್ತಿದ್ದಾನೆ. ಮೊದಲು ಕೇಳಿದವಳು ನೀನು, ನಿನಗೇ ಕೊಡೋಣ ಅಂತಿದ್ದೆ. ಬ್ರೆಡ್ ಡಬ್ಬಿ ಇಟ್ಟು ಮುಚ್ಚಿದ್ರೂ ಆ ಮೂಲೆ ಒಡೆದದ್ದು ನಾನು ಹೋದ ವರ್ಷವೇ ನೋಡಿದ್ದೆ. ಇಷ್ಟು ಇಕ್ಕಟ್ಟಲ್ಲಿ ಒಡೀದೆ ಇನ್ನೇನಾಗುತ್ತೆ, ಪಾಪ, ಮಗು ಬೇರೆ ಸಿಲಿಂಡರ್ ಪಕ್ಕ ಕೂತು ಓದುತ್ತೆ ಅನ್ಕೊಂಡಿದ್ದೆ. ಅದಕ್ಕೇ ಬೆಳಗ್ಗೆ ಫೋನ್ ಮಾಡಿ, ಅಡುಗೆಮನೇಲಿ ಹೆಚ್ಚು ಜಾಗ ಬೇಕಾ ಅಂತ ನೋಡೋಕೆ ಬರ್ತೀನಿ ಅಂದೆ. ಬಂದು ನೋಡಿದ್ರೆ ವಿಮಾನ ಇಳಿಯೋ ಅಷ್ಟು ಕಟ್ಟೆ ಖಾಲಿ ಬಿದ್ದಿದೆ! ನೀನೇ ಬೇಡ ಅಂತ ಆಣೆ ಬೇರೆ ಇಟ್ಟೆ."

ಗಾಬರಿಯಕ್ಕನ ಬಾಯಿ ತೆರೆಯಿತು. ಬಚ್ಚಲಲ್ಲಿದ್ದ ಮಿಕ್ಸಿಯನ್ನು, ಬೀರುವಿನಲ್ಲಿದ್ದ ಬೇಳೆಯನ್ನು ಈಗ ಹೇಗೆ ತೋರಿಸುವುದು? ತೋರಿಸಿದರೆ ಸುಳ್ಳುಗಾತಿ ಎಂದು ಅದಕ್ಕೇ ಮನೆ ಬಿಡಿಸಿದರೆ? ಅವಳು ಬಾಯಿ ಮುಚ್ಚಿಕೊಂಡಳು.

ಮೇಡಂ ಹೊರಟುಹೋದರು. ಬಡಗಿ ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಡುತ್ತಾ ತಲೆ ತಗ್ಗಿಸಿ ಹೇಳಿದ: "ನನಗೆ ಗೊತ್ತಿರ್ಲಿಲ್ಲ ಅಕ್ಕ, ನಿಮ್ಮಾಣೆ. ಇನ್ಮೇಲೆ ಗರಗಸ ಗೋಡೆ ಆಚೇನೇ ಇರುತ್ತೆ. ಸ್ವಲ್ಪ ಸದ್ದಾಗುತ್ತೆ, ಬೇಜಾರು ಮಾಡ್ಕೋಬೇಡಿ."

ಗಾಬರಿಯಕ್ಕ ಒಳಗೆ ಬಂದು ಮಂಚದ ಮೇಲೆ ಕುಸಿದಳು. ಕಂಬಳಿಯ ಕೆಳಗೆ ಹುರುಳಿಕಾಯಿ ಚರಕ್ಕೆಂದಿತು. ಗುಬ್ಬಿ ಬಂದು ಅಮ್ಮನ ಮೊಣಕಾಲಿಗೆ ಒರಗಿ ನಿಂತಳು. ಕೈ ಇನ್ನೂ ಬಾಯಿಯ ಮೇಲೇ ಇತ್ತು.

"ಕೈ ತೆಗಿ ಕಂದ, ಮೇಡಂ ಹೋದ್ರು. ಬೆಳಗ್ಗಿಂದ ಏನೋ ಕೇಳ್ಬೇಕು ಅಂತಿದ್ಯಲ್ಲ. ಕೇಳು."

ಗುಬ್ಬಿ ಕೈ ತೆಗೆದಳು. ಬೀಳದೆ ಉಳಿದ ಹಲ್ಲುಗಳ ನಡುವಿನ ಸಂದಿಗೆ ಬೆರಳು ಅಡ್ಡ ಇಟ್ಟು, ಗಾಳಿ ತಡೆದು, ಅಕ್ಷರ ಅಕ್ಷರ ಬಿಡಿಸಿ ಕೇಳಿದಳು:

"ಅಮ್ಮ, ಹೆಚ್ಚೋ ಜಾಗಾನೂ ಹೆಚ್ಚು ಜಾಗಾನೂ ಒಂದೇನಾ?"