ನಮ್ಮವರ ತಲೆ ಕಾಣೆಯಾದ ಪ್ರಸಂಗ

ನಿಮ್ಮ ಗಂಡನ ಹೆಸರನ್ನು ನೀವು ಬಾಯಿಬಿಟ್ಟು ಹೇಳಿ ಎಷ್ಟು ದಿನವಾಯಿತು? ನಗಬೇಡಿ, ಖರೆ ಹೇಳಿ! ಈಗಿನ ಹುಡುಗಿಯರು "ಏ ರವಿ, ಹಾಲು ಉಕ್ಕಿತು ನೋಡೋ" ಎಂದು ಕೂಗುವುದನ್ನು ನಾನೂ ಕೇಳಿದ್ದೇನೆ. ನಾವು ಹಾಗಲ್ಲ. ಮದುವೆಯಾಗಿ ಐವತ್ತು ವರ್ಷವಾಯಿತು. ಮೊನ್ನೆಯವರೆಗೆ ಅವರ ಹೆಸರು ನನ್ನ ಬಾಯಲ್ಲಿ ಬಂದದ್ದು ಒಂದೇ ಸಲ. ಇಳಕಲ್ಲಿನ ಈ ಮನೆಯ ಹೊಸ್ತಿಲ ಮೇಲೆ ನಾದಿನಿಯರು ದಾರಿ ಕಟ್ಟಿ, "ಒಡಪು ಹಾಕು, ಹೆಸರು ಹೇಳು, ಆಮ್ಯಾಲೆ ಒಳಗ ಬಾ" ಎಂದು ಹಟ ಹಿಡಿದಿದ್ದರು. ಎರಡು ಸಾಲಿನ ಪದ್ಯ ಕಟ್ಟಿ, ಅದರ ನಡುವೆ ಗಂಡನ ಹೆಸರನ್ನು ನುಸುಳಿಸಿ, ಒಳಗೆ ಓಡಿದ್ದೆ. ಆಮೇಲೆ ಎಲ್ಲದಕ್ಕೂ "ಏನ್ರಿ". ಊಟಕ್ಕೆ ಒಂದು ಏನ್ರಿ, ಜಗಳಕ್ಕೆ ಒಂದು ಏನ್ರಿ, ಮನೆಗೆ ಹಾವು ಬಂದರೂ ಒಂದು ಏನ್ರಿ. ಯಾವ ಏನ್ರಿ ಯಾವುದಕ್ಕೆ ಎಂಬುದು ಅವರಿಗೆ ದನಿಯಲ್ಲೇ ತಿಳಿಯುತ್ತದೆ.

ಇಷ್ಟೊಂದು ಮರ್ಯಾದಸ್ಥ ಹೆಂಗಸು ಒಂದು ವೆಬ್‌ಸೈಟನ್ನು ಹೇಗೆ ಹಾಳು ಮಾಡಿದಳು ಎಂಬುದನ್ನು ಈಗ ಹೇಳುತ್ತೇನೆ.

ನನ್ನ ಮೊಮ್ಮಗಳು ಅಕ್ಷತಾ ಬಾಗಲಕೋಟೆಯಲ್ಲಿ ಕಂಪ್ಯೂಟರ್ ಓದುತ್ತಾಳೆ. ನನ್ನನ್ನು ಆಯಿ ಅಂತಾಳೆ, ನಮ್ಮವರನ್ನು ಮುತ್ಯಾ ಅಂತಾಳೆ. ಕೊನೆಯ ವರ್ಷದ ಪರೀಕ್ಷೆಗೆ ಒಂದು ವೆಬ್‌ಸೈಟ್ ಕಟ್ಟಬೇಕಿತ್ತು. ನಾನು ಮಾಡುವ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಮೇಲೆಯೇ ಕಟ್ಟಿದಳು. ದಿನಾ ಹೊಸ ಫೋಟೋ ಹಾಕುವ ಕೆಲಸ ನನ್ನದು. ಫೋನಿನಲ್ಲಿ ಟೈಪು ಮಾಡಲು ಕಲಿತು ಆಗಿನ್ನೂ ಮೂರು ತಿಂಗಳಾಗಿತ್ತು. ಮೊದಲ ದಿನ "ರೊಟ್ಟಿ" ಎಂದು ಬರೆಯಲು ಅರ್ಧ ತಾಸು ಹಿಡಿದಿತ್ತು. ಬರೆದು ಮುಗಿಸುವುದರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿಯಾಗಿತ್ತು. ಈಗ ಹಾಗಿಲ್ಲ. ಈಗ ನಾನು ಜಾಣೆ!

ವೆಬ್‌ಸೈಟಿನ ಒಳಗೆ ನಾಲ್ಕು ಫೋಲ್ಡರುಗಳಿದ್ದವು. ಫೋಲ್ಡರ್ ಅಂದರೆ ಡಬ್ಬಿ ಎಂದಿಟ್ಟುಕೊಳ್ಳಿ. ಒಂದು ರೊಟ್ಟಿ, ಒಂದು ಚಟ್ನಿ, ಒಂದು ಫೋಟೋ. ನಾಲ್ಕನೆಯದರ ಹೆಸರು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡೆ. ನಮ್ಮವರ ಹೆಸರು! ಇಂಗ್ಲಿಷಿನಲ್ಲಿ!

"ಇದೇನವ್ವಾ, ನಿಮ್ಮ ಮುತ್ಯಾನ್ನ ಡಬ್ಬಿ ಮಾಡಿಯಲ್ಲ?" ಅಂದೆ.

"ಎಲ್ಲಾ ಪುಟಕ್ಕೂ ಮ್ಯಾಲೊಂದು ತಲಿ ಬೇಕು, ಅಂಗಡಿ ಬೋರ್ಡ್ ಇದ್ದಂಗ. ಕೆಳಗೊಂದು ಪಾದ ಬೇಕು, ಅದರಾಗ ವಿಳಾಸ, ಫೋನ್ ನಂಬರ್. ಪ್ರತಿ ಪುಟದಾಗ ಬರಕೋತ ಕುಂದ್ರೂದ್ಯಾಕ? ಒಮ್ಮಿ ಬರದು ಒಂದ ಡಬ್ಬ್ಯಾಗ ಇಟ್ಟೇನಿ. ಬೇಕಾದ ಪುಟ ಅದನ್ನ ಕರಕೋತೈತಿ. ನಮ್ಮ ಮನ್ಯಾಗ ಒಂದ ಕಡೆ ಕುಂತು ಎಲ್ಲಾರ ಕಡಿಂದ ಕರಿಸ್ಕೊಳ್ಳಾವ್ರು ಯಾರು? ಮುತ್ಯಾ! ಅದಕ್ಕ ಅವನ ಹೆಸರು."

ಮಾತು ಸುಳ್ಳಲ್ಲ. ಆದರೆ ಫೋಟೋ ಹಾಕುವಾಗಲೆಲ್ಲ ನನ್ನ ಹೆಬ್ಬೆರಳು ಆ ಹೆಸರಿಗೆ ತಾಗುತ್ತಿತ್ತು. ಕಟ್ಟಿಕೊಂಡ ಗಂಡನನ್ನು ದಿನಾ ಹೆಬ್ಬೆರಳಲ್ಲಿ ಒತ್ತುವುದೆಂದರೆ ಏನು ಮಾತು?

ಪರೀಕ್ಷೆಯ ದಿನ ಬಂತು. ಕಾಲೇಜಿಗೆ ದೊಡ್ಡ ಫೋನು ಒಯ್ದರೆ ಕಸಿದುಕೊಳ್ಳುತ್ತಾರೆಂದು ಅಕ್ಷತಾ ತನ್ನದನ್ನು ಮನೆಯಲ್ಲೇ ಬಿಟ್ಟು, ಮುತ್ಯಾನ ಬಟನ್ ಫೋನು ಹಿಡಿದು ನಸುಕಿನ ಬಸ್ಸಿಗೆ ಹೋದಳು. ಹನ್ನೆರಡಕ್ಕೆ ಅವಳ ಸರದಿ, ಪರೀಕ್ಷಕರು ವೆಬ್‌ಸೈಟ್ ತೆರೆದು ನೋಡುತ್ತಾರೆ. ತೆರೆಯದಿದ್ದರೆ ಫೇಲು, ಮತ್ತೆ ಆರು ತಿಂಗಳು ಕಾಯಬೇಕು. ನಮ್ಮವರು ಜೋಳದ ಚೀಲ ಹೊತ್ತು, ಪಕ್ಕದ ಮನೆಯ ಹಿರಿಯರ ಜೊತೆ ಗಿರಣಿಗೆ ಹೋದರು. ಮನೆಯಲ್ಲಿ ನಾನು, ಎರಡು ಫೋನು.

ಇಂಥ ಶುಭದಿನ ದೊಡ್ಡ ದೊಡ್ಡ ಮಾಸ್ತರರು ನೋಡುವಾಗ ಮನೆಯ ಹಿರಿಯರ ಹೆಸರು ಹೀಗೆ ಬಯಲಿಗೆ ಬಿದ್ದಿರುವುದೇ? ಹೆಸರನ್ನು ಒತ್ತಿ ಹಿಡಿದೆ. "ಹೆಸರು ಬದಲಿಸಬೇಕೇ?" ಎಂದು ಫೋನು ವಿನಯದಿಂದ ಕೇಳಿತು. ಬದಲಿಸಪ್ಪಾ! ಒಂದೊಂದೇ ಅಕ್ಷರ ಒತ್ತಿ "ಯಜಮಾನರು" ಎಂದು ಇಂಗ್ಲಿಷಿನಲ್ಲಿ ಬರೆದೆ. ಒಂದೂ ತಪ್ಪಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಒಬ್ಬಳೇ ತಟ್ಟಿಕೊಂಡರೆ ಸಾಕೇ? ಪಕ್ಕದ ಮನೆಯ ಕಸ್ತೂರೆವ್ವನನ್ನು ಕರೆದೆ. ಪಾಪ, ಮಗ್ಗದ ಮೇಲೆ ಕೂತಿದ್ದವಳು ಎದ್ದು ಬಂದಳು. "ನೋಡವ್ವಾ, ನನ್ನ ರೊಟ್ಟಿ ಹೆಂಗ ಮೆರ್‍ಯಾಕತ್ತಾವ" ಎಂದು ವೆಬ್‌ಸೈಟ್ ತೆರೆದೆ.

ಬೋರ್ಡ್ ಇಲ್ಲ! ಅದರ ಜಾಗದಲ್ಲಿ ನಾಲ್ಕು ಸಾಲು ಇಂಗ್ಲಿಷ್. ನಾನು ಓದಿದ್ದು ಏಳನೇ ಇಯತ್ತೆ. ಬೆರಳಿಟ್ಟು ಓದಿದೆ. ನಮ್ಮವರ ಹೆಸರು, ಒಂದು ಓರೆ ಗೀಟು, ತಲೆ. ಮುಂದೆ, "ಅಂಥ ಫೈಲು ಇಲ್ಲ". ಕೆಳಗೆ ಜಾರಿಸಿದೆ. ನಮ್ಮವರ ಹೆಸರು, ಓರೆ ಗೀಟು, ಪಾದ. ಅದೂ ಇಲ್ಲ! ನಡುವೆ ರೊಟ್ಟಿಗಳು ಮಾತ್ರ ಏನೂ ಆಗದವರಂತೆ ಕೂತಿದ್ದವು.

"ಏನಂತೈತಿಬೇ?" ಅಂದಳು ಕಸ್ತೂರೆವ್ವ.

"ನಮ್ಮನಿಯವರ ತಲಿ ಸಿಗವಲ್ದಂತ."

"ಅಯ್ಯ, ಈಗರ ಗಿರಣಿಗೆ ಹೋದ್ರಲ್ಲ! ಇತ್ತಲ್ಲ ತಲಿ?"

ಒಂದು ಫೋನಿನಲ್ಲಿ ವೆಬ್‌ಸೈಟ್ ಇಟ್ಟುಕೊಂಡು ಇನ್ನೊಂದರಿಂದ ಅಕ್ಷತಾಗೆ ಹಚ್ಚಿದೆ.

"ಆಯಿ, ಲಗೂ ಹೇಳು. ನನ್ನ ಮುಂದ ಆರ ಮಂದಿ ಅದಾರ ಅಷ್ಟ. ಒಳಗ ಹೋಗೂ ಮುಂದ ಫೋನ್ ಕೊಟ್ಟ ಹೋಗಬೇಕು."

"ಏನಿಲ್ಲವ್ವಾ, ನಿನ್ನ ವೆಬ್‌ಸೈಟಿಗೆ ಸ್ವಲ್ಪ ನೆಗಡಿ ಆಗೇತಿ."

"ನೆಗಡಿ ಅಂದ್ರ?"

"ತಲಿ ಇಲ್ಲ. ಪಾದಾನೂ ಇಲ್ಲ."

"ನೀ ಏನರ ಮುಟ್ಟಿಯೇನಬೇ?"

"ನಾನ? ಛೇ!"

"ಫೋಲ್ಡರ್ ಎಲ್ಲಾ ಅದಾವ?"

"ನಾಲ್ಕ ಇದ್ದು, ನಾಲ್ಕೂ ಅದಾವ. ಎಣಿಸೇನಿ."

ಇದರಲ್ಲಿ ಸುಳ್ಳು ಎಲ್ಲಿದೆ ಹೇಳಿ?

"ಹಂಗಾರ ನಂದ ತಪ್ಪು. ನಿನ್ನೆ ಏನೋ ತಿದ್ದೇನಿ, ದಾರಿ ತಪ್ಪೈತಿ. ಮೊದಲನೇ ಪುಟ ತಗಿ. ತಲಿ ಕರಿಯೂ ಸಾಲಿನಾಗ ಮುತ್ಯಾನ ಹೆಸರ ಮುಂದ ಎರಡ ಚುಕ್ಕಿ, ಒಂದ ಓರೆ ಗೀಟ ಹಾಕು. ಅಂದ್ರ, ನಿಂತ ಮನಿ ಬಿಟ್ಟು ಹೊರಗ ಬಂದು ಹುಡುಕು ಅಂದಂಗ."

ಇದು ನನಗೆ ತಟ್ಟನೆ ತಿಳಿಯಿತು. ಕೆರೂರಿನ ಬೀಗರಿಗೆ ನಾವು ಮನೆಯ ಗುರುತನ್ನು "ಬೇವಿನ ಗಿಡದ ಹಿಂದಿನ ಓಣಿ" ಎಂದು ಹೇಳಿದ್ದೆವು. ಎಲ್ಲಿ ನಿಂತರೆ ಹಿಂದೆ ಎಂದು ಹೇಳಿರಲಿಲ್ಲ. ಬೀಗರು ಆ ಕಡೆಯಿಂದ ಬಂದರು, ಬೇರೆ ಯಾರದೋ ಮನೆಯಲ್ಲಿ ಹೋಳಿಗೆ ಊಟ ಮಾಡಿ, ಉಪಚಾರ ಚೆನ್ನಾಗಿತ್ತೆಂದು ಹೊಗಳಿ ಹೋದರು. ಫೈಲಿನ ದಾರಿಯೂ ಹಾಗೆಯೇ. ಎಲ್ಲಿ ನಿಂತು ಹುಡುಕುತ್ತೇವೆ ಎಂಬುದೇ ಮುಖ್ಯ.

ಎರಡು ಚುಕ್ಕಿ ಹಾಕಿದೆ. ತಲೆ ಬರಲಿಲ್ಲ. ಚುಕ್ಕಿಯ ಸಮೇತ "ಇಲ್ಲ" ಎಂದು ಬರೆಯಿತು. ಇನ್ನೆರಡು ಹಾಕಿದೆ. ದಿನಾ ಹದಿನೈದು ಚುಕ್ಕಿಯ ರಂಗೋಲಿ ಹಾಕುವವಳಿಗೆ ನಾಲ್ಕು ಯಾವ ಲೆಕ್ಕ? ಇನ್ನೂ ಎರಡು ಏರಿಸಿದೆ. ಅಷ್ಟರಲ್ಲಿ ಸಾಲಿನ ತುದಿಯಲ್ಲಿ ಒಂದು ಚುಕ್ಕಿ, ಅದರ ಕೆಳಗೊಂದು ಬಾಲ ಕಂಡಿತು. ಮೊಮ್ಮಗಳು ಗುಡಿಸದೆ ಬಿಟ್ಟ ಕಸ ಎಂದುಕೊಂಡು ಒರೆಸಿ ತೆಗೆದೆ.

ಪುಟ ಪೂರಾ ಬೆಳ್ಳಗಾಯಿತು! ರೊಟ್ಟಿಯೂ ಹೋಯಿತು!

"ಅಕ್ಷತಾ, ಈಗ ಏನೂ ಇಲ್ಲ. ಸ್ವಚ್ಛ ಆಗೇತಿ."

"ಏನ ತಗದಿ?"

"ಕಸ. ಬಾಲ ಇತ್ತು ಅದಕ್ಕ."

"ಅಯ್ಯೋ ಆಯಿ! ಅದು ಸಾಲು ಮುಗಿಯೂ ಗುರುತು! ಆ ಕಸ ಮೊದಲ ಹಾಕು! ಚುಕ್ಕಿ ಎಲ್ಲಾ ತಗಿ! ನನ್ನ ಮುಂದ ಮೂರ ಮಂದಿ ಉಳದಾರ!"

ಕಸ ಹಾಕಿದೆ, ಚುಕ್ಕಿ ತೆಗೆದೆ. ರೊಟ್ಟಿ ಬಂದವು, ತಲೆ ಬರಲಿಲ್ಲ. ಆ ಕಡೆಯಿಂದ ಮೂಗು ಏರಿಸುವ ಸಪ್ಪಳ ಕೇಳಿತು.

"ನಿಂದೇನೂ ತಪ್ಪಿಲ್ಲ ಬಿಡಬೇ ಆಯಿ. ನಾನ ಕೆಡಿಸೇನಿ. ಮೂರು ತಿಂಗಳ ಮಾಡಿದ ಕೆಲಸ, ಒಂದ ಸಾಲಿನ ಸಲುವಾಗಿ ಹೋತು."

ಇದೊಂದು ಮಾತು ನನ್ನಿಂದ ತಡೆಯಲಾಗಲಿಲ್ಲ. ಚೇಷ್ಟೆ ಮಾಡಿದವಳು ನಾನು, ಅಳುವವಳು ಅವಳು.

"ಅವ್ವಾ, ಒಂದ ಮಾತು. ಆ ನಾಲ್ಕನೇ ಡಬ್ಬಿ ಐತಲ್ಲ, ಅದರ ಹೆಸರ ನಾ ಯಜಮಾನರು ಅಂತ ಮಾಡೇನಿ."

"ಏನಂತ?"

"ಹೆಸರ ಹಿಡದು ಕರಿಯೂದು ಚಂದ ಅಲ್ಲಂತ..."

"ಆಯಿ!" ಈ ಕೂಗಿಗೆ ಫೋನು ಬೇಕಿರಲಿಲ್ಲ. ಬಾಗಲಕೋಟೆಯಿಂದ ಹುನಗುಂದ ದಾಟಿ ಹಾಗೇ ಕೇಳಿಸುತ್ತಿತ್ತು. "ಪುಟಗೋಳೆಲ್ಲಾ ಹಳೇ ಹೆಸರಿಲೇ ಕರ್‍ಯಾಕತ್ತಾವ! ಯಜಮಾನರು ಅಂದ್ರ ಯಾರಂತ ಅವಕ್ಕ ಹೆಂಗ ಗೊತ್ತಾಗಬೇಕು? ಅವೇನ ನಿನ್ನ ಸೊಸ್ತೇರನ? ಲಗೂ ಹಳೇ ಹೆಸರ ಇಡು!"

ಇಟ್ಟೆ. ಚೆನ್ನಾಗಿಯೇ ಇಟ್ಟೆ. ಬರಲಿಲ್ಲ!

"ಏನ ಬರದಿ ಓದು."

"ಅದ, ನಿಮ್ಮ ಮುತ್ಯಾನ ಹೆಸರು."

"ಹೆಂಗ ಬರದಿ, ಬಾಯಿಬಿಟ್ಟು ಹೇಳು."

ಹೇಳುವುದು ಹೇಗೆ? ಜಾಣತನ ಮಾಡಿ ಒಂದೊಂದೇ ಅಕ್ಷರ ಹೇಳತೊಡಗಿದೆ. ಬಿಡಿಬಿಡಿ ಅಕ್ಷರ ಗಂಡ ಆಗುವುದಿಲ್ಲವಲ್ಲ! ಆದರೆ ಅಲ್ಲಿ ಹುಡುಗರ ಗದ್ದಲ. ಎಮ್ಮೋ ಎನ್ನೋ ಆ ಬಟನ್ ಫೋನಿನಲ್ಲಿ ಅವಳಿಗೆ ಗೊತ್ತಾಗಲಿಲ್ಲ.

"ಪೂರಾ ಹೆಸರ ಹೇಳಬೇ! ಇಬ್ಬರ ಉಳದಾರ!"

ನಾನು ಕಸ್ತೂರೆವ್ವನ ಕೈ ಹಿಡಿದೆ. "ನೀ ಹೇಳ ನನ್ನವ್ವಾ. ನಿನಗೇನ ದೋಷ ಬರೂದಿಲ್ಲ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. "ನಾ ಹೆಂಗ ಹೇಳಲೆಬೇ? ನಮ್ಮನಿಯವರದೂ ಅದ ಹೆಸರು!"

ಹೌದು! ಮರೆತೇಬಿಟ್ಟಿದ್ದೆ. ನಮ್ಮೂರಲ್ಲಿ ಕಲ್ಲು ಒಗೆದರೆ ಆ ಹೆಸರಿನವರಿಗೇ ಬೀಳುತ್ತದೆ. ಗಂಡಂದಿರಿಬ್ಬರೂ ಗಿರಣಿಯಲ್ಲಿ, ಹೆಂಡಂದಿರಿಬ್ಬರೂ ಬಾಯಿಗೆ ಸೆರಗು ಹಿಡಿದು ಬಾಗಿಲಲ್ಲಿ!

ಕೊನೆಗೆ ಅಕ್ಷತಾಳೇ ದಾರಿ ತೋರಿಸಿದಳು. "ಒಡಪು ಹಾಕಬೇ ಆಯಿ! ಒಡಪಿನಾಗ ಹೇಳಿದ್ರ ನಡೀತೈತಲ್ಲ? ನೀ ಬರದದ್ದ ಹೆಂಗ ಐತಿ ಹಂಗ ಹೇಳು!"

ಐವತ್ತು ವರ್ಷದ ಹಿಂದಿನ ಒಡಪು ನೆನಪಿಗೆ ಬರಲಿಲ್ಲ. ಹೊಸದು ಕಟ್ಟಬೇಕಾಯಿತು. ಕಟ್ಟಲು ಅರ್ಧ ನಿಮಿಷವೂ ಇಲ್ಲ. ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಬಾಗಲಕೋಟೆಗೆ ಕೇಳುವಂತೆ ಕೂಗಿದೆ:

"ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರಿ,
ಸಾಲಿ ಕಲತ ಮೊಮ್ಮಗಳಿಗೆ ತಪ್ಪೈತಿ ದಾರಿ,
ಮಹಾಂತಪ್ಪನವರು ಎಲ್ಲಿ ಅದಾರ, ಹುಡುಕಿ ಕೊಡರಿ!"

ಕಣ್ಣು ತೆರೆದೆ. ಬಾಗಿಲಲ್ಲಿ ನಮ್ಮವರು! ಹೆಗಲ ಮೇಲೆ ಹಿಟ್ಟಿನ ಚೀಲ, ಮೀಸೆಯ ತುಂಬ ಬಿಳಿ ಹಿಟ್ಟು, ಬಾಯಿ ತೆರೆದದ್ದು ತೆರೆದಂತೆ. ಚೀಲ ಇಳಿಸುವುದನ್ನೂ ಮರೆತು ನಿಂತಿದ್ದರು.

"ನಾ ಇಲ್ಲೇ ಅದೇನಲ್ಲ!" ಅಂದರು ಮೆಲ್ಲಗೆ.

ನಾಚಿಕೊಳ್ಳಲು ಸಮಯವೆಲ್ಲಿದೆ? ಫೋನಿನಲ್ಲಿ ಅಕ್ಷತಾ ಒದರುತ್ತಿದ್ದಳು. "ಸಿಕ್ತು! ಆಯಿ, 'ನವರು' ಅಂತನೂ ಟೈಪ್ ಮಾಡಿಯೇನ?"

"ಮತ್ತ? ಬರೇ ಹೆಸರ ಬರಿಲೇನ? ನಾನೇನ ಅವರ ಗೆಳೆಯನ?"

"ತಗಿ ಅದನ್ನ! ಬರೇ ಹೆಸರ ಇರಲಿ!"

ತೆಗೆದೆ. ಮನಸ್ಸಿನಲ್ಲೇ ಕ್ಷಮೆ ಕೇಳಿ ತೆಗೆದೆ. ತಲೆ ಬರಲಿಲ್ಲ!

"ಮೊದಲನೇ ಅಕ್ಷರ ದೊಡ್ಡದ ಹಾಕಿಯೇನ?"

"ಹಿರೇರ ಹೆಸರು, ದೊಡ್ಡ ಅಕ್ಷರಲೇ ಶುರು ಮಾಡೇನಿ. ಫೋನೂ ತಾನಾಗೇ ದೊಡ್ಡದ ಕೊಡ್ತು. ಅದಕ್ಕೂ ಗೊತ್ತೈತಿ ಮರ್ಯಾದಿ."

"ಫೋನಿಗೆ ಇರಬಹುದು, ವೆಬ್‌ಸೈಟಿಗೆ ಇಲ್ಲ! ಸಣ್ಣದ ಮಾಡಬೇ! ನನ್ನ ನಂಬರ್ ಕರದ್ರು, ಇಡ್ತೇನಿ!"

ಫೋನು ಕಡಿದುಹೋಯಿತು. ನಮ್ಮವರು ನೋಡುತ್ತಿರುವಾಗಲೇ ಅವರ ಮೊದಲ ಅಕ್ಷರವನ್ನು ಸಣ್ಣದು ಮಾಡಿದೆ. ನನ್ನ ಕೈಯಾರೆ! ಪುಟವನ್ನು ಮತ್ತೆ ತೆರೆದೆ.

ಬೋರ್ಡ್ ಬಂತು. ರೊಟ್ಟಿ ಇದ್ದವು. ಕೆಳಗೆ ಜಾರಿಸಿದರೆ ಪಾದವೂ ಇತ್ತು. ಕಸ್ತೂರೆವ್ವ ಕೈ ಮುಗಿದಳು, ಯಾರಿಗೆ ಎಂದು ಅವಳಿಗೂ ಗೊತ್ತಿರಲಿಕ್ಕಿಲ್ಲ. ಗಡಿಯಾರದಲ್ಲಿ ಹನ್ನೆರಡಾಗಿ ಎರಡು ನಿಮಿಷ.

ಆಮೇಲೆ ಒಂದು ತಾಸು ನಾನು ಕೂತಲ್ಲಿ ಕೂರಲಿಲ್ಲ. ಬಟನ್ ಫೋನಿನಿಂದ ಕರೆ ಬಂದಾಗ ಎತ್ತಲೂ ಹೆದರಿಕೆ. "ಪಾಸ್ ಆದೆ ಆಯಿ!" ಅಂದಳು ಅಕ್ಷತಾ. ಪರೀಕ್ಷಕರು ಎಲ್ಲ ಪುಟ ನೋಡಿ ಒಂದೇ ಪ್ರಶ್ನೆ ಕೇಳಿದರಂತೆ, ಈ ಹೆಸರಿನವರು ಯಾರು ಎಂದು. "ನಮ್ಮ ಮುತ್ಯಾರಿ, ಎಲ್ಲಾ ಪುಟಾನೂ ಅವರನ್ನ ಕರೀತಾವ್ರಿ. ನಮ್ಮ ಆಯಿ ಒಬ್ಬಾಕಿನ ಕರಿಯೂದಿಲ್ರಿ" ಎಂದಳಂತೆ. ಪರೀಕ್ಷಕರು ನಕ್ಕು ಅಂಕ ಹಾಕಿದರಂತೆ.

ಆ ಸಂಜೆಯೊಳಗೆ ಓಣಿಯ ಹೆಂಗಸರಿಗೆಲ್ಲ, ಬಾಗಲಕೋಟೆಯಲ್ಲಿ ಕೆಟ್ಟ ಕಂಪ್ಯೂಟರನ್ನು ಇಳಕಲ್ಲಿನಲ್ಲಿ ಕೂತು ರಿಪೇರಿ ಮಾಡಿದೆ ಎಂದು ಹೇಳಿ ಮುಗಿಸಿದ್ದೆ. ಕೆಡಿಸಿದ್ದು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದೇ ಠೀವಿಯಲ್ಲಿ ಚಹಾ ಸೋಸಿ ಪಡಸಾಲೆಯ ಕಡೆ ಕೂಗಿದೆ.

"ಏನ್ರಿ, ಚಾ ಆಗೇತಿ, ಬರ್ರಿ!"

ನಮ್ಮವರು ಅಲುಗಲಿಲ್ಲ. ಪೇಪರಿನ ಪುಟ ತಿರುವಿದರು.

"ಏನ್ರಿ! ಆರಿ ಹೋಗತೈತಿ!"

ಇಲ್ಲ. ಕಂಬದ ಹಾಗೆ ಕೂತರು. ಕಪ್ಪು ಹಿಡಿದು ನಾನೇ ಎದುರು ಹೋಗಿ ನಿಂತೆ. "ಕಿವಿ ಕೇಳವಲ್ವೇನ್ರಿ?"

ಅವರು ಪೇಪರನ್ನು ನಿಧಾನಕ್ಕೆ ಮಡಚಿಟ್ಟು, ಮೀಸೆಗೆ ಇನ್ನೂ ಅಂಟಿದ್ದ ಹಿಟ್ಟು ಒರೆಸಿಕೊಂಡು ಅಂದರು:

"ಕೇಳ್ತಾವ. ಐವತ್ತ ವರ್ಷ ಏನ್ರಿ ಅಂದ್ರ ಓಡಿ ಬಂದೆ, ಹುಚ್ಚ ನಾನು. ಇವತ್ತ ಆ ಕಂಪ್ಯೂಟರ್ ನೋಡಿ ಶಾಣ್ಯಾ ಆಗೇನಿ. ಹೆಸರ ಹಿಡದು ಕರಿ, ಬರ್ತೇನಿ. ಸಣ್ಣ ಅಕ್ಷರದಾಗ ಕರದ್ರೂ ನಡೀತೈತಿ!"